‘ಉಳಿದವರಿಗೆ ಧೈರ್ಯ ಬರಲೆಂದು’: ಒಂದು ಇಂಗ್ಲಿಷ್ ನುಡಿಗಟ್ಟಿನ ಹಿಂದಿರುವ ಮರಣ

ಇಂಗ್ಲಿಷ್ ಬರಹಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಫ್ರೆಂಚ್ ನುಡಿಗಟ್ಟೊಂದಿದೆ: ‘ಪೂರ್ ಆಂಕುರಾಜೆ ಲೆಝೋತ್ರ್’. ಪದಶಃ ಅದರ ಅರ್ಥ ‘ಉಳಿದವರಿಗೆ ಧೈರ್ಯ ತುಂಬಲು’ ಎಂದು. ಆದರೆ ಅದು ಬಳಕೆಯಾಗುವ ಸಂದರ್ಭಗಳನ್ನು ಗಮನಿಸಿದರೆ ಯಾವ ಧೈರ್ಯದ ಮಾತೂ ಅಲ್ಲಿರುವುದಿಲ್ಲ. ಹಿರಿಯ ಅಧಿಕಾರಿಯೊಬ್ಬನನ್ನು ಹುದ್ದೆಯಿಂದ ಕಿತ್ತುಹಾಕಿದ ಸುದ್ದಿಯಲ್ಲಿ, ಮಂತ್ರಿಯೊಬ್ಬನ ರಾಜೀನಾಮೆ ಪಡೆದ ವಿಶ್ಲೇಷಣೆಯಲ್ಲಿ ಅದು ಬರುತ್ತದೆ. ನಿಘಂಟನ್ನೇ ನಂಬಿದ ಅನುವಾದಕನು ಇದನ್ನು ‘ಇತರರ ಪ್ರೋತ್ಸಾಹಕ್ಕಾಗಿ’ ಎಂದು ಕನ್ನಡಕ್ಕೆ ತಂದರೆ ಓದುಗನಿಗೆ ಬಹುಮಾನ ವಿತರಣೆಯ ಸಮಾರಂಭ ನೆನಪಾದೀತು. ಮೂಲದಲ್ಲಿರುವುದು ಒಂದು ಹೆಣ.

ಒಬ್ಬರನ್ನು ಕಾರ್ಯಕ್ಕೆ ತೊಡಗಿಸುವ, ಮುಂದೂಡುವ, ಉತ್ಸಾಹಗೊಳಿಸುವ ಇಂಗ್ಲಿಷ್ ಮಾತುಗಳ ಬೇರನ್ನು ಕೆದಕಿದರೆ ಕಾಣಿಸುವುದು ಬಹುಮಟ್ಟಿಗೆ ಹರಿತವಾದ ವಸ್ತುಗಳೇ. ‘ಎಗ್ ಆನ್’ ಎಂಬ ಪ್ರಯೋಗವನ್ನು ಕೇಳಿದೊಡನೆ ವಿದ್ಯಾರ್ಥಿಗಳಿಗೆ ಕೋಳಿಮೊಟ್ಟೆಯ ನೆನಪಾಗುವುದು ಸಹಜ. ಆದರೆ ಆ ಪದಕ್ಕೂ ಮೊಟ್ಟೆಗೂ ಸಂಬಂಧವಿಲ್ಲ. ಅದು ಪ್ರಾಚೀನ ನಾರ್ಸ್ ಭಾಷೆಯ ‘ಎಗ್ಯ’ ಎಂಬ ಕ್ರಿಯಾಪದದಿಂದ ಬಂದುದು. ಅದರ ಹಿಂದಿರುವ ನಾಮಪದಕ್ಕೆ ಕತ್ತಿಯ ಅಲಗು ಎಂದರ್ಥ. ಇಂಗ್ಲಿಷಿನ ‘ಎಡ್ಜ್’ ಅದರದೇ ಒಡಹುಟ್ಟು. ‘ಸ್ಪರ್’ ಎಂಬುದು ಸವಾರನ ಹಿಮ್ಮಡಿಗೆ ಕಟ್ಟಿದ ಮುಳ್ಳು. ‘ಗೋಡ್’ ಎಂಬುದು ಎತ್ತಿನ ಬೆನ್ನಿಗೆ ಚುಚ್ಚುವ ಮುಳ್ಳುಗೋಲು. ಲ್ಯಾಟಿನ್ನಿನಿಂದ ಬಂದ ‘ಸ್ಟಿಮ್ಯುಲಸ್’ ಕೂಡ ಮೂಲದಲ್ಲಿ ಅದೇ ಮುಳ್ಳುಗೋಲು. ಇಂದು ಅದು ಸರಕಾರಗಳ ಆರ್ಥಿಕ ನೆರವಿನ ಕಂತೆಗೆ ಹೆಸರಾಗಿದೆ.

ಇದನ್ನೆಲ್ಲ ಪರಭಾಷೆಯ ಒರಟುತನವೆಂದು ಬದಿಗಿಡುವಂತಿಲ್ಲ. ಕನ್ನಡವು ಸಂಸ್ಕೃತದಿಂದ ಪಡೆದು ಇಂದು ಸಭೆ ಸಮಾರಂಭಗಳಲ್ಲಿ ಧಾರಾಳವಾಗಿ ಬಳಸುವ ‘ಉತ್ತೇಜನ’ ಎಂಬ ಪದದ ಧಾತು ‘ತಿಜ್’, ಅಂದರೆ ಹರಿತವಾಗು. ‘ತೇಜಸ್ಸು’ ಕೂಡ ಅಲ್ಲಿಂದಲೇ ಹುಟ್ಟಿದ್ದು. ಭಾಷಾವಿಜ್ಞಾನಿಗಳು ಈ ಧಾತುವನ್ನೂ, ಇಂಗ್ಲಿಷಿನ ‘ಇನ್‌ಸ್ಟಿಗೇಟ್’ ಎಂಬ ಕ್ರಿಯಾಪದದ ಲ್ಯಾಟಿನ್ ಮೂಲವನ್ನೂ, ಚುಚ್ಚುವ ಅರ್ಥದ ‘ಸ್ಟಿಕ್’ ಎಂಬ ಪದವನ್ನೂ ಒಂದೇ ಇಂಡೋ-ಯುರೋಪಿಯನ್ ಬೇರಿಗೆ ಸೇರಿಸುತ್ತಾರೆ. ಉತ್ತೇಜನ ಸಮಾಧಾನಕರ ಬಹುಮಾನದ ಹೆಸರಾಗುವುದಕ್ಕೆ ಬಹಳ ಮೊದಲು ಅದು ಸಾಣೆಕಲ್ಲಿನ ಮೇಲಿನ ಕೆಲಸವಾಗಿತ್ತು.

ಆದರೆ ಎಲ್ಲ ಉಪಕರಣಗಳೂ ಎರಡು ನಾಡುಗಳಲ್ಲಿ ಒಂದೇ ಕಡೆಗೆ ಮುಖ ಮಾಡಿಲ್ಲವೆಂಬುದು ಗಮನಾರ್ಹ. ಇಂಗ್ಲಿಷರು ಮಾವುತನ ಅಂಕುಶವನ್ನು ಆನೆಯ ‘ಗೋಡ್’ ಎಂದೇ ಕರೆದರು. ಅವರ ಭಾಷೆಯಲ್ಲಿ ಆ ಪದದ ಲಾಕ್ಷಣಿಕ ಅರ್ಥ ಮುಂದಕ್ಕೆ ದೂಡು, ಕೆರಳಿಸು, ಸುಮ್ಮನಿರಲು ಬಿಡದಿರು. ಕನ್ನಡದಲ್ಲಾದರೋ ಅಂಕುಶವೆಂದರೆ ತಡೆ. ಬೆಲೆ ಏರಿಕೆಗೆ ಅಂಕುಶ ಹಾಕುತ್ತಾರೆ. ತಡೆಯಿಲ್ಲದ ಅರಸನು ನಿರಂಕುಶ ಪ್ರಭು. ಎತ್ತಿನ ಹಿಂದೆ ನಡೆದವನು ಮುಳ್ಳುಗೋಲಿನಲ್ಲಿ ಚಲನೆಯನ್ನು ಕಂಡನು, ಆನೆಯ ಕೊರಳ ಮೇಲೆ ಕುಳಿತವನು ಅಂಕುಶದಲ್ಲಿ ನಿಲುಗಡೆಯನ್ನು ಕಂಡನು ಎಂದು ಊಹಿಸಬಹುದು. ಆನೆಯನ್ನು ನಡೆಸುವುದಕ್ಕಿಂತ ನಿಲ್ಲಿಸುವುದೇ ಕಷ್ಟವಷ್ಟೆ.

ಅಲಗಿನ ನುಡಿಗೆ ಹೊಂದುವ ಕಥೆಯೊಂದು ಐಸ್‌ಲ್ಯಾಂಡಿನ ಸಾಗಾಗಳಲ್ಲಿದೆ. 13ನೆಯ ಶತಮಾನದ ಉತ್ತರಾರ್ಧದಲ್ಲಿ ರಚಿತವಾದ ‘ನ್ಯಾಲ್ಸ್ ಸಾಗಾ’ದಲ್ಲಿ ಹಿಲ್ಡಿಗುನ್ ಎಂಬ ವಿಧವೆ ಬರುತ್ತಾಳೆ. ಅವಳ ಗಂಡ ಹೋಸ್ಕುಲ್ಡನನ್ನು ನ್ಯಾಲನ ಮಕ್ಕಳೂ ಅವರ ಸಂಗಡಿಗರೂ ಕೂಡಿ ಕೊಂದಿದ್ದಾರೆ. ಅವಳ ಚಿಕ್ಕಪ್ಪ ಫ್ಲೋಸಿ ಮನೆಗೆ ಬಂದಾಗ ಸತ್ತವನ ಮೇಲುವಸ್ತ್ರವನ್ನು ತಂದು ಅವನ ಹೆಗಲಿಗೆ ಹೊದಿಸುತ್ತಾಳೆ. ಅದರೊಳಗೆ ಅವಳು ಕೂಡಿಟ್ಟಿದ್ದ ಹೆಪ್ಪುಗಟ್ಟಿದ ನೆತ್ತರು ಅವನ ಮೈಮೇಲೆಲ್ಲ ಉದುರುತ್ತದೆ. ಆ ವಸ್ತ್ರವನ್ನು ಹಿಂದೆ ಹೋಸ್ಕುಲ್ಡನಿಗೆ ಉಡುಗೊರೆಯಾಗಿ ಕೊಟ್ಟವನು ಫ್ಲೋಸಿಯೇ. ಹೆಂಗಸರು ಗಂಡಸರನ್ನು ಸೇಡಿಗೆ ಎಬ್ಬಿಸುವ ಈ ಬಗೆಗೆ ನಾರ್ಸ್ ಭಾಷೆಯಲ್ಲಿ ಒಂದು ಪಾರಿಭಾಷಿಕ ಪದವೇ ಇತ್ತು. ಅದರ ಮೂಲಾರ್ಥವೂ ಹರಿತಗೊಳಿಸುವುದು, ಸಾಣೆ ಹಿಡಿಯುವುದು ಎಂದೇ. ಮುಂದೆ ಫ್ಲೋಸಿ ನ್ಯಾಲನನ್ನು ಅವನ ಮಕ್ಕಳ ಸಮೇತ ಮನೆಯೊಳಗೇ ಸುಡುತ್ತಾನೆ, ಅದಕ್ಕಾಗಿ ದೇಶಭ್ರಷ್ಟನೂ ಆಗುತ್ತಾನೆ. ಹಿಲ್ಡಿಗುನ್ ಕಥೆಯ ಕೊನೆಯಲ್ಲಿ ಆ ಬೆಂಕಿಯಿಂದ ಪಾರಾದ ಕಾರಿಯ ಹೆಂಡತಿಯಾಗುತ್ತಾಳೆ. ಸಾಣೆ ಹಿಡಿದವಳ ಮೇಲೆ ಯಾವ ದಾವೆಯೂ ಇಲ್ಲ.

ಈ ದಾವೆಯ ಪ್ರಶ್ನೆಯನ್ನು ಕನ್ನಡದ ಕಿವಿ ಚೆನ್ನಾಗಿಯೇ ಬಲ್ಲದು. ‘ಹುರಿದುಂಬಿಸು’ ಎಂದರೆ ಹೊಗಳಿಕೆ. ‘ಎತ್ತಿಕಟ್ಟು’, ‘ಚಿತಾವಣೆ’, ‘ಕುಮ್ಮಕ್ಕು’ ಎಂದರೆ ಆರೋಪ. ಇವುಗಳಲ್ಲಿ ‘ಕುಮ್ಮಕ್ಕು’ ತುರ್ಕಿ ಮೂಲದಿಂದ ಪಾರಸಿಯ ಮಾರ್ಗವಾಗಿ ಬಂದ ಪದ. ಅಲ್ಲಿ ಅದಕ್ಕೆ ನೆರವು, ಸಹಾಯಕ್ಕೆ ಬಂದ ಹೆಚ್ಚುವರಿ ಸೈನ್ಯ ಎಂಬಷ್ಟೇ ಅರ್ಥ. ಕರಾವಳಿಯ ಭೂಕಂದಾಯದ ‘ಕುಮ್ಕಿ’ ಜಮೀನಿನಲ್ಲಿ ಆ ನಿರ್ದೋಷ ಅರ್ಥ ಇಂದಿಗೂ ಉಳಿದಿದೆ. ಪತ್ರಿಕೆಯ ಅಪರಾಧ ವರದಿಯಲ್ಲಿ ಮಾತ್ರ ಅದು ಕೆಟ್ಟ ಕೆಲಸಕ್ಕೆ ಕೊಟ್ಟ ಬೆಂಬಲವಾಯಿತು. 1860ರ ಭಾರತೀಯ ದಂಡಸಂಹಿತೆಯ 107ನೆಯ ಕಲಮು ಚಿತಾಯಿಸುವುದು, ಒಳಸಂಚು ಹೂಡುವುದು, ಉದ್ದೇಶಪೂರ್ವಕ ನೆರವಾಗುವುದು ಈ ಮೂರನ್ನೂ ಒಂದೇ ಅಪರಾಧದ ಅಡಿಯಲ್ಲಿ ತಂದಿತು. ಕನ್ನಡದ ಕಾನೂನು ಬರಹ ಅದಕ್ಕೆ ‘ದುಷ್ಪ್ರೇರಣೆ’ ಎಂಬ ಪದವನ್ನು ರೂಢಿಸಿಕೊಂಡಿತು. ಪ್ರೇರಣೆಗೆ ಮುಂದೆ ‘ದುಸ್’ ಸೇರಿಸಬೇಕಾಗಿ ಬಂದುದೇ ಬರಿಯ ಪ್ರೇರಣೆ ಒಳ್ಳೆಯದೆಂದು ಕನ್ನಡವು ನಂಬಿರುವುದಕ್ಕೆ ಸಾಕ್ಷಿ.

ಪ್ರಾಣಿಗಳನ್ನು ನಡೆಸುವ ಕಲೆಯಿಂದ ಬಂದ ಇನ್ನೆರಡು ಇಂಗ್ಲಿಷ್ ಮಾತುಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಕತ್ತೆಯ ಮುಂದೆ ಕ್ಯಾರೆಟ್, ಹಿಂದೆ ಕೋಲು ಎಂಬ ಚಿತ್ರ 20ನೆಯ ಶತಮಾನದ ಮಧ್ಯಭಾಗದಲ್ಲಿ ರಾಜಕೀಯ ಬರವಣಿಗೆಯ ಸವಕಲು ನಾಣ್ಯವಾಯಿತು. ಕನ್ನಡ ಪತ್ರಿಕೆಗಳೂ ಅದನ್ನು ಇದ್ದಂತೆಯೇ ಎತ್ತಿಕೊಂಡಿವೆ. ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳ ಎಣಿಕೆ ಕೈಯಲ್ಲೇ ಇರುವಾಗ ಎರಡನ್ನು ಕಳೆದುಕೊಂಡು ಕತ್ತೆಯನ್ನು ಪಡೆದದ್ದು ಲಾಭವೆಂದು ಹೇಳಲಾಗದು. ‘ಜಿಂಜರ್ ಅಪ್’ ಎಂಬುದರ ಕಥೆ ಇನ್ನೂ ಹೇಯ. ಫ್ರಾನ್ಸಿಸ್ ಗ್ರೋಸನು 1785ರಲ್ಲಿ ಪ್ರಕಟಿಸಿದ ಬೀದಿಮಾತಿನ ನಿಘಂಟಿನಲ್ಲಿ ಕುದುರೆ ವ್ಯಾಪಾರಿಗಳ ಒಂದು ಕುಯುಕ್ತಿಯ ವಿವರಣೆಯಿದೆ: ಸೋತ ಕುದುರೆ ಗಿರಾಕಿಯ ಎದುರಿಗೆ ಚುರುಕಾಗಿ ಬಾಲವೆತ್ತಿ ನಿಲ್ಲಲೆಂದು ಅದರ ಗುದದೊಳಗೆ ಶುಂಠಿ ತುರುಕುತ್ತಿದ್ದರು. ಬ್ರಿಟಿಷ್ ಪಕ್ಷಗಳೊಳಗಿನ ಒತ್ತಡದ ಗುಂಪುಗಳನ್ನು ‘ಜಿಂಜರ್ ಗ್ರೂಪ್’ ಎಂದು ಗೌರವದಿಂದ ಕರೆಯುವವರಿಗೆ ಇದು ನೆನಪಿರಲಾರದು.

ಇಂಥ ಮಾತುಗಳ ನಡುವೆ ‘ಎನ್‌ಕರೇಜ್’ ಎಂಬ ಪದ ಶುದ್ಧವಾಗಿ ತೋರುತ್ತದೆ. ಅದರಲ್ಲಿ ಮುಳ್ಳಿಲ್ಲ, ಕೋಲಿಲ್ಲ. ಹೃದಯವೆಂಬ ಅರ್ಥದ ಲ್ಯಾಟಿನ್ ‘ಕೋರ್’, ಅದರಿಂದ ಫ್ರೆಂಚಿನ ‘ಕುರಾಜ್’, ಅದರಿಂದ ಎದೆಯೊಳಗೆ ಧೈರ್ಯವಿಡುವ ಕ್ರಿಯೆ. ಎದೆಗಾರಿಕೆ, ಕೆಚ್ಚೆದೆ, ಎದೆಗುಂದು ಎಂದು ಆಡುವ ಕನ್ನಡಿಗನಿಗೆ ಈ ರೂಪಕವನ್ನು ವಿವರಿಸಬೇಕಾಗಿಲ್ಲ. ಆದರೆ ಈ ಶುದ್ಧವಾದ ಪದಕ್ಕೇ ಎಲ್ಲಕ್ಕಿಂತ ಕ್ರೂರವಾದ ಅರ್ಥ ಅಂಟಿಕೊಂಡಿತು. ಅದು ಅಂಟಿದ್ದು 1757ರ ಮಾರ್ಚ್ 14ರಂದು, ಪೋರ್ಟ್ಸ್‌ಮತ್ ಬಂದರಿನಲ್ಲಿ.

ಜಾನ್ ಬಿಂಗ್ ನೌಕಾಪಡೆಯ ಮನೆತನದವನು. ಅವನ ತಂದೆ ಜಾರ್ಜ್ ಬಿಂಗ್ ಪ್ರಖ್ಯಾತ ಅಡ್ಮಿರಲ್, ಟಾರಿಂಗ್‌ಟನ್ನಿನ ವೈಕೌಂಟ್ ಪದವಿ ಪಡೆದವನು. 1756ರ ವಸಂತದಲ್ಲಿ ಮೆಡಿಟರೇನಿಯನ್ ಸಮುದ್ರದ ಮಿನೋರ್ಕಾ ದ್ವೀಪಕ್ಕೆ ಫ್ರೆಂಚರ ಬೆದರಿಕೆ ಬಂದಾಗ ಬ್ರಿಟಿಷ್ ಸರಕಾರ ತಡವಾಗಿ ಎಚ್ಚೆತ್ತು ಹತ್ತು ಯುದ್ಧನೌಕೆಗಳನ್ನು ಕೊಟ್ಟು ಅವನನ್ನು ಕಳುಹಿಸಿತು. ಹಡಗುಗಳು ದುರಸ್ತಿಯಲ್ಲಿರಲಿಲ್ಲ, ನಾವಿಕರ ಸಂಖ್ಯೆ ಸಾಲದಾಗಿತ್ತು. ಅವನು ಮೇ ತಿಂಗಳಲ್ಲಿ ಜಿಬ್ರಾಲ್ಟರ್ ತಲುಪುವ ಹೊತ್ತಿಗೆ ರಿಶೆಲ್ಯೂ ಡ್ಯೂಕನ ಸೈನ್ಯ ದ್ವೀಪದಲ್ಲಿಳಿದು ಸೇಂಟ್ ಫಿಲಿಪ್ ಕೋಟೆಗೆ ಮುತ್ತಿಗೆ ಹಾಕಿಯಾಗಿತ್ತು. ಕೋಟೆಯೊಳಗೆ ಎಂಬತ್ತು ದಾಟಿದ ವಿಲಿಯಂ ಬ್ಲೇಕ್ನಿ ಅದನ್ನು ಕಾಯುತ್ತಿದ್ದನು. ಬಿಂಗ್‌ನ ಜತೆಗೆ ಕಳುಹಿಸಬೇಕಾಗಿದ್ದ ತುಕಡಿಯನ್ನು ಜಿಬ್ರಾಲ್ಟರಿನ ಗವರ್ನರನು ಕೊಡಲೊಪ್ಪಲಿಲ್ಲ.

ಮೇ 20ರಂದು ಬಿಂಗ್‌ನ ಹದಿಮೂರು ನೌಕೆಗಳೂ ಲಾ ಗಾಲಿಸೋನ್ಯೇರನ ಹನ್ನೆರಡು ನೌಕೆಗಳೂ ಎದುರುಬದುರಾದವು. ಮುಂದಿನ ಸಾಲಿನ ಬ್ರಿಟಿಷ್ ಹಡಗುಗಳು ಶತ್ರುವಿನ ಗುಂಡಿಗೆ ತೀವ್ರವಾಗಿ ಜರ್ಜರಿತವಾದವು. ಒಂದರ ಕೂವೆಮರ ಮುರಿದು ಸಾಲು ಕದಡಿತು. ನೇರವಾಗಿ ಶತ್ರುವಿನ ಮೇಲೆ ನುಗ್ಗಬಹುದಾಗಿದ್ದ ಬಿಂಗ್ ಹಾಗೆ ಮಾಡದೆ ಸಾಲನ್ನು ಸರಿಪಡಿಸಲು ನಿಂತನು. ಅವನು ನಿಂತದ್ದೇಕೆ ಎಂಬುದು ಈ ಕಥೆಯ ತಿರುಳು. 1744ರಲ್ಲಿ ಟೂಲೋನ್ ಬಳಿಯ ಯುದ್ಧದಲ್ಲಿ ಅಡ್ಮಿರಲ್ ಮ್ಯಾಥ್ಯೂಸ್ ಸಾಲನ್ನು ಮುರಿದು ಶತ್ರುವಿನ ಮೇಲೆ ಬಿದ್ದುದಕ್ಕಾಗಿ ಸೇನಾ ನ್ಯಾಯಾಲಯದಿಂದ ಪದಚ್ಯುತನಾಗಿದ್ದನು. ಅವನ ಗತಿ ತನಗೆ ಬರಬಾರದೆಂಬ ಮಾತನ್ನು ಬಿಂಗ್ ಆ ದಿನ ಹಡಗಿನ ಮೇಲೆ ಆಡಿದ್ದನೆಂದು ಮುಂದೆ ವಿಚಾರಣೆಯಲ್ಲಿ ಸಾಕ್ಷ್ಯ ಬಂದಿತು. ಅಂದರೆ ಹಿಂದಿನ ಒಂದು ಶಿಕ್ಷೆ ಅವನಿಗೆ ಪಾಠ ಕಲಿಸಿತ್ತು, ಆದರೆ ಕಲಿಸಿದ್ದು ಹಿಂಜರಿಕೆಯನ್ನು. ದೃಷ್ಟಾಂತಕ್ಕಾಗಿ ಶಿಕ್ಷಿಸುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೆಲವು ದಿನಗಳ ಬಳಿಕ ಯುದ್ಧಸಮಿತಿಯನ್ನು ಕರೆದು, ಕೋಟೆಯನ್ನು ಬಿಡಿಸುವುದು ತಮ್ಮ ಶಕ್ತಿಗೆ ಮೀರಿದ್ದೆಂದು ತೀರ್ಮಾನಿಸಿ ಅವನು ಜಿಬ್ರಾಲ್ಟರಿಗೆ ಮರಳಿದನು. ಜೂನ್ ಅಂತ್ಯದಲ್ಲಿ ಕೋಟೆ ಬಿದ್ದಿತು. ಲಂಡನ್ನಿನಲ್ಲಿ ಕೋಪ ಭುಗಿಲೆದ್ದಿತು. ಸರಕಾರ ಬಿಂಗ್‌ನ ವರದಿಯನ್ನು ತನಗೆ ಮುಜುಗರವಾಗುವ ಭಾಗಗಳನ್ನು ಕತ್ತರಿಸಿ ಗೆಜೆಟ್ಟಿನಲ್ಲಿ ಅಚ್ಚುಹಾಕಿಸಿತು. ಜನರು ಅವನ ಪ್ರತಿಕೃತಿಗಳನ್ನು ಸುಟ್ಟರು. ಆ ಕೋಪ ಕೊನೆಗೆ ನ್ಯೂಕಾಸಲ್ ಡ್ಯೂಕನ ಮಂತ್ರಿಮಂಡಲವನ್ನೂ ನುಂಗಿತು.

ಪೋರ್ಟ್ಸ್‌ಮತ್ತಿನಲ್ಲಿ ಲಂಗರು ಹಾಕಿದ್ದ ‘ಸೇಂಟ್ ಜಾರ್ಜ್’ ಹಡಗಿನ ಮೇಲೆ ನಡೆದ ವಿಚಾರಣೆ 1757ರ ಜನವರಿ 27ರಂದು ಮುಗಿಯಿತು. ನ್ಯಾಯಾಧೀಶರ ಕೈ ಕಟ್ಟಿಹಾಕಿದ್ದ ನಿಯಮದ ಹಿಂದೆಯೂ ಒಂದು ಮರಣವಿದೆ. 1745ರಲ್ಲಿ ಬೇಕರ್ ಫಿಲಿಪ್ಸ್ ಎಂಬ ಲೆಫ್ಟಿನೆಂಟನು, ತನ್ನ ಕ್ಯಾಪ್ಟನ್ ಸತ್ತ ಮೇಲೆ ಹಡಗನ್ನು ಫ್ರೆಂಚರಿಗೆ ಒಪ್ಪಿಸಿದನೆಂದು ಗುಂಡಿಗೆ ಬಲಿಯಾದನು. ಕಿರಿಯನಿಗೆ ಸಾವು, ಹಿರಿಯರಿಗೆ ಬರಿಯ ಪದಚ್ಯುತಿ ಎಂಬ ಅಸಮಾಧಾನ ಹಬ್ಬಿತು. 1749ರ ತಿದ್ದುಪಡಿಯ ನಂತರ, ಶತ್ರುವಿನೆದುರು ಕೈಲಾದಷ್ಟನ್ನೂ ಮಾಡದವನು ಯಾವ ದರ್ಜೆಯವನಾಗಿದ್ದರೂ ಮರಣದಂಡನೆಯನ್ನು ಬಿಟ್ಟು ಬೇರೆ ಶಿಕ್ಷೆ ಇರಲಿಲ್ಲ. ಬಿಂಗ್ ಹೇಡಿಯಲ್ಲ, ರಾಜದ್ರೋಹಿಯಲ್ಲ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಕೈಲಾದಷ್ಟನ್ನು ಮಾಡಲಿಲ್ಲ ಎಂದೂ ಹೇಳಿತು. ಆದುದರಿಂದ ಮರಣ, ಆದರೆ ಕ್ಷಮೆ ನೀಡಬೇಕೆಂದು ಒಮ್ಮತದ ಪ್ರಾರ್ಥನೆ. ವಿಚಾರಣೆ ನಡೆಸಿದವರಲ್ಲೇ ಕೆಲವರು ತಮ್ಮ ರಹಸ್ಯಪಾಲನೆಯ ಪ್ರಮಾಣದಿಂದ ಬಿಡುಗಡೆ ಬಯಸಿದರು. ಕೆಳಮನೆ ಒಪ್ಪಿತು, ಪ್ರಭುಗಳ ಮನೆ ತಳ್ಳಿಹಾಕಿತು. ಹಿರಿಯ ವಿಲಿಯಂ ಪಿಟ್ ದಯೆಗಾಗಿ ಕೇಳಿದಾಗ ಎರಡನೆಯ ಜಾರ್ಜ್ ದೊರೆ ಕಿವಿಗೊಡಲಿಲ್ಲ.

ಕಡಲಾಚೆಯಿಂದಲೂ ಒಂದು ಪ್ರಯತ್ನ ನಡೆಯಿತು. ಬಿಂಗ್‌ನ ಎದುರಾಳಿಯಾಗಿದ್ದ ರಿಶೆಲ್ಯೂ ಡ್ಯೂಕನಿಂದಲೇ ಅವನ ನಡತೆಯನ್ನು ಸಮರ್ಥಿಸುವ ಪತ್ರವೊಂದನ್ನು ಪಡೆದು ವಾಲ್ಟೇರ್ ಇಂಗ್ಲೆಂಡಿಗೆ ಕಳುಹಿಸಿದನು. ಶತ್ರುವಿನ ಪ್ರಶಂಸೆ ಉಪಯೋಗಕ್ಕೆ ಬರಲಿಲ್ಲ, ಬರುವುದೂ ಸಾಧ್ಯವಿರಲಿಲ್ಲ.

ಮಾರ್ಚ್ 14ರಂದು ‘ಮೊನಾರ್ಕ್’ ಹಡಗಿನ ಮೇಲಟ್ಟದಲ್ಲಿ ಬಿಂಗ್ ಮೆತ್ತೆಯ ಮೇಲೆ ಮಂಡಿಯೂರಿದನು. ಆ ಹಡಗು ಹತ್ತು ವರ್ಷಗಳ ಹಿಂದೆ ಫ್ರೆಂಚರಿಂದಲೇ ಗೆದ್ದುಕೊಂಡದ್ದು. ಕಣ್ಣಿಗೆ ಬಟ್ಟೆ ಬೇಡವೆಂದವನು, ತನ್ನ ಮುಖ ನೋಡಿ ಗುಂಡು ಹಾರಿಸುವವರ ಕೈ ನಡುಗೀತೆಂದು ತಿಳಿಸಿದಾಗ ಒಪ್ಪಿದನು. ಕೈಯಲ್ಲಿದ್ದ ಕರವಸ್ತ್ರವನ್ನು ಕೆಳಗೆ ಬಿಡುವುದೇ ಸಂಕೇತ. ಅದನ್ನು ಅವನೇ ಬಿಟ್ಟನು.

ಎರಡು ವರ್ಷಗಳ ನಂತರ, 1759ರಲ್ಲಿ ವಾಲ್ಟೇರನ ‘ಕಾಂದೀದ್’ ಹೊರಬಂದಿತು. ಅದರ 23ನೆಯ ಅಧ್ಯಾಯದಲ್ಲಿ ಕಥಾನಾಯಕನು ಪೋರ್ಟ್ಸ್‌ಮತ್ ಬಂದರಿಗೆ ಬಂದು ಕಣ್ಣುಕಟ್ಟಿ ಮಂಡಿಯೂರಿದ ದಪ್ಪ ಮನುಷ್ಯನೊಬ್ಬನನ್ನು ಸೈನಿಕರು ಶಾಂತಚಿತ್ತದಿಂದ ಗುಂಡಿಟ್ಟು ಕೊಲ್ಲುವುದನ್ನು ಕಾಣುತ್ತಾನೆ. ಇದೇಕೆಂದು ಕೇಳಿದಾಗ ಸಿಗುವ ಉತ್ತರದಲ್ಲಿ ಆ ನುಡಿಗಟ್ಟು ಹುಟ್ಟಿದೆ: ಈ ದೇಶದಲ್ಲಿ ಆಗಾಗ ಒಬ್ಬ ಅಡ್ಮಿರಲನನ್ನು ಕೊಲ್ಲುವುದು ಹಿತಕರ, ಉಳಿದವರಿಗೆ ಅದರಿಂದ ಧೈರ್ಯ ಬರುತ್ತದೆ ಎಂಬುದು ಅದರ ತಾತ್ಪರ್ಯ. ಹೆದರಿಸಲು ಎಂದು ಬರಬೇಕಾದ ಕಡೆ ಧೈರ್ಯ ತುಂಬಲು ಎಂದು ಬಂದಿರುವುದರಲ್ಲಿಯೇ ಅದರ ವಿಷ ಅಡಗಿದೆ. ವಾಲ್ಟೇರನು ಕೊಂದವರನ್ನು ಬೈಯುವುದಿಲ್ಲ. ಅವರದೇ ಅಧಿಕೃತ ಭಾಷೆಯನ್ನು ಅವರ ಬಾಯಿಗೆ ಹಾಕಿ ಸುಮ್ಮನಾಗುತ್ತಾನೆ.

ವ್ಯಂಗ್ಯಕ್ಕೂ ಒಂದು ದುರ್ದೈವವಿದೆ: ಅದು ಒಮ್ಮೊಮ್ಮೆ ನಿಜವಾಗಿಬಿಡುತ್ತದೆ. ಬ್ರಿಟಿಷ್ ನೌಕಾಪಡೆಯ ಇತಿಹಾಸವನ್ನು ಬರೆದವರಲ್ಲಿ ಪ್ರಮುಖರಾದ ಎನ್.ಎ.ಎಂ. ರಾಡ್ಜರ್ ಅವರು, ಬಿಂಗ್‌ನ ಮರಣದಂಡನೆ ನೌಕಾಧಿಕಾರಿಗಳಲ್ಲಿ ಆಕ್ರಮಣಶೀಲ ದೃಢತೆಯ ಒಂದು ಸಂಸ್ಕೃತಿಯನ್ನು ಮತ್ತೆ ಬಲಪಡಿಸಿತು, ಇತರ ದೇಶಗಳ ಅಧಿಕಾರಿಗಳಿಂದ ಅವರನ್ನು ಬೇರೆಯಾಗಿಸಿತು ಎಂದು ಅಭಿಪ್ರಾಯಪಟ್ಟಿದ್ದಾರೆ. ‘ಕಾಂದೀದ್’ ಪ್ರಕಟವಾದ ವರ್ಷವೇ, ನವೆಂಬರ್ 20ರಂದು, ಎಡ್ವರ್ಡ್ ಹಾಕ್ ಬಿರುಗಾಳಿಯ ನಡುವೆ ಬಂಡೆಗಳಿಂದ ತುಂಬಿದ ಕಿಬೆರಾನ್ ಕೊಲ್ಲಿಯೊಳಗೆ ಫ್ರೆಂಚರನ್ನು ಅಟ್ಟಿಕೊಂಡು ಹೋಗಿ ಅವರ ನೌಕಾಬಲವನ್ನು ಮುರಿದನು. 1756ರಲ್ಲಿ ಬಿಂಗ್‌ನ ಸ್ಥಾನಕ್ಕೆ ಕಳುಹಿಸಲ್ಪಟ್ಟವನೂ ಇದೇ ಹಾಕ್. ಆದರೆ ಇದನ್ನು ಗುಂಡೇಟಿನ ಫಲವೆಂದು ಬಗೆಯುವ ಮುನ್ನ ಒಂದು ಮಾತನ್ನು ನೆನೆಯಬೇಕು. ಟೂಲೋನ್ ಯುದ್ಧದಲ್ಲಿ ಕಿರಿಯ ಕ್ಯಾಪ್ಟನ್ ಆಗಿದ್ದಾಗಲೇ, ಸಾಲನ್ನು ಬಿಟ್ಟು ಶತ್ರುವಿನ ಮೇಲೆ ಎರಗಿ ಹೆಸರಾದವನು ಈ ಹಾಕ್. ಮುನ್ನುಗ್ಗುವುದನ್ನು ಅವನು ಬಿಂಗ್‌ನ ಹೆಣದಿಂದ ಕಲಿಯಬೇಕಾಗಿರಲಿಲ್ಲ. ಶಾಸನಕರ್ತರಿಗೂ ಆ ಪಾಠದಲ್ಲಿ ಪೂರ್ಣ ನಂಬಿಕೆ ಉಳಿಯಲಿಲ್ಲವೆಂದು ತೋರುತ್ತದೆ. 1779ರಲ್ಲಿ ನಿಯಮವನ್ನು ತಿದ್ದಿ, ಮರಣದಂಡನೆ ಇಲ್ಲವೇ ಅಪರಾಧದ ಸ್ವರೂಪಕ್ಕೆ ತಕ್ಕ ಬೇರೆ ಶಿಕ್ಷೆ ಎಂಬ ಆಯ್ಕೆಯನ್ನು ನ್ಯಾಯಾಲಯಕ್ಕೆ ಮರಳಿ ಕೊಟ್ಟರು.

ಈ ನುಡಿಗಟ್ಟನ್ನು ಕನ್ನಡಕ್ಕೆ ತರುವುದು ಹೇಗೆ? ‘ಉಳಿದವರಿಗೆ ಪಾಠವಾಗಲೆಂದು’ ಎಂದರೆ ವಿಷಯ ಬರುತ್ತದೆ, ವ್ಯಂಗ್ಯ ಹೋಗುತ್ತದೆ. ‘ಪಾಠ’ ಎಂಬ ಕನ್ನಡ ಪದದಲ್ಲಿ ಬೆದರಿಕೆ ಈಗಾಗಲೇ ಮನೆ ಮಾಡಿದೆ. ‘ಪ್ರೋತ್ಸಾಹ’ ಎಂದರೆ ಓದುಗನು ದಾರಿ ತಪ್ಪುತ್ತಾನೆ. ‘ಉತ್ತೇಜನ’ ಅದಕ್ಕಿಂತ ಮೇಲು, ಏಕೆಂದರೆ ಅದರ ಬೇರಿನಲ್ಲಿ ಅಲಗು ಇದೆ. ಆದರೆ ಆ ಬೇರು ಈಗ ಪಂಡಿತರಿಗಷ್ಟೇ ಗೊತ್ತು. ‘ಉಳಿದವರಿಗೆ ಧೈರ್ಯ ಬರಲೆಂದು’ ಎಂದು ನೇರವಾಗಿಯೇ ಬರೆದು, ಪಕ್ಕದಲ್ಲಿ ಶಿಕ್ಷೆಯ ವಿವರವನ್ನು ಇಡುವುದೇ ಸರಿಯಾದ ದಾರಿ. ಓದುಗನು ಒಂದು ಕ್ಷಣ ಗೊಂದಲಗೊಳ್ಳಲಿ. ಕಾಂದೀದನೂ ಅಲ್ಲಿ ಗೊಂದಲಗೊಂಡೇ ನಿಂತಿದ್ದನು.

ಬಿಂಗ್‌ನ ದೇಹವನ್ನು ಬೆಡ್‌ಫರ್ಡ್‌ಷೈರಿನ ಸೌತ್‌ಹಿಲ್ ಎಂಬ ಹಳ್ಳಿಯ ಚರ್ಚಿನಲ್ಲಿ, ಅವನ ಮನೆತನದ ಸಮಾಧಿಯಲ್ಲಿ ಇಟ್ಟರು. ಅಲ್ಲಿಯ ಶಿಲಾಲೇಖವು ಅವನ ಸಾವನ್ನು ನ್ಯಾಯಕ್ಕೆ ತಟ್ಟಿದ ಶಾಶ್ವತ ಕಳಂಕವೆಂದು ಕರೆದು, ಶೌರ್ಯವೂ ನಿಷ್ಠೆಯೂ ಒಬ್ಬ ನೌಕಾಧಿಕಾರಿಯ ಪ್ರಾಣ ಮಾನಗಳನ್ನು ಕಾಯಲು ಸಾಲದಾಗಿದ್ದ ಕಾಲವದು ಎಂದು ಹೇಳುತ್ತದೆ. 2007ರಲ್ಲಿ, 250 ವರ್ಷಗಳು ತುಂಬಿದಾಗ, ಮನೆತನದವರು ಮರಣೋತ್ತರ ಕ್ಷಮಾದಾನಕ್ಕಾಗಿ ಬ್ರಿಟಿಷ್ ರಕ್ಷಣಾ ಇಲಾಖೆಯನ್ನು ಕೇಳಿಕೊಂಡರು. ಇಲಾಖೆ ಒಪ್ಪಲಿಲ್ಲ.